ಎರಡು ಮನೆ, ಎರಡು ತಾರೀಖು

ಕೇಳುಗರಿಗೆ ನಮಸ್ಕಾರ.

2020ರ ಡಿಸೆಂಬರ್ ಕೊನೆಯ ವಾರ. ಮುಂಬೈಯ ಮುಲುಂಡಿನಲ್ಲಿ ವಕೀಲರ ಆಫೀಸಿನಲ್ಲಿ ಕುಳಿತು ಹೊಸ ಮನೆಯ ಅಗ್ರಿಮೆಂಟಿಗೆ ಸಹಿ ಹಾಕುತ್ತಿದ್ದೆವು. ಡೊಂಬಿವಲಿಯ ನಮ್ಮ ಹಳೆಯ ಮನೆ ಇನ್ನೂ ಮಾರಾಟವಾಗಿರಲಿಲ್ಲ. ಗಿರಾಕಿ ಸಿಕ್ಕಿದ್ದರು, ಟೋಕನ್ ಅಂತ ಸ್ವಲ್ಪ ಮುಂಗಡ ಕೊಟ್ಟಿದ್ದರು, ಅಷ್ಟೇ. ಆದರೂ ನಮಗೆ ಅವಸರ. ಕೊರೊನಾದಿಂದ ಮನೆ ವ್ಯಾಪಾರ ನಿಂತುಹೋಗಿತ್ತು ಅಂತ ಮಹಾರಾಷ್ಟ್ರ ಸರ್ಕಾರ ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರವರೆಗೆ ಮುಂಬೈಯಲ್ಲಿ ಸ್ಟ್ಯಾಂಪ್ ಡ್ಯೂಟಿಯನ್ನು, ಅಂದರೆ ಮನೆಯ ಕಾಗದಕ್ಕೆ ಕಟ್ಟುವ ಮುದ್ರಾಂಕ ಶುಲ್ಕವನ್ನು, ಶೇ. 5ರಿಂದ ಶೇ. 2ಕ್ಕೆ ಇಳಿಸಿತ್ತು. ಜನವರಿಯಿಂದ ಅದು ಶೇ. 3 ಆಗುವುದಿತ್ತು. ಮನೆಯ ಬೆಲೆ 1 ಕೋಟಿ 10 ಲಕ್ಷ. ಡಿಸೆಂಬರಿನಲ್ಲಿ ಸಹಿ ಹಾಕಿದರೆ 1 ಲಕ್ಷದ 10 ಸಾವಿರ ಉಳಿತಾಯ. ಯಾರಾದರೂ ಓಡುತ್ತಾರೆ, ಅಲ್ವಾ?

ನಾವೂ ಓಡಿದೆವು. ಉಳಿಸಿದ ಹಣಕ್ಕಿಂತ ಜಾಸ್ತಿ ಆತಂಕ ತಂದುಕೊಂಡೆವು. ಒಂದು ಮನೆ ಮಾರಿ ಇನ್ನೊಂದು ಕೊಳ್ಳುವಾಗ ಖರ್ಚು ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಯಾವ ದಿನ ಕೊಡಬೇಕು ಅಂತ ಯಾರೂ ಕೇಳುವುದಿಲ್ಲ. ನಾವೂ ಕೇಳಿರಲಿಲ್ಲ.

ಊರಿನಿಂದ ಬಂದ ನಮ್ಮವರಿಗೆ ಇಲ್ಲಿ ಮೊದಲ ಗೊಂದಲ ಆಗುವುದು ಸ್ಟ್ಯಾಂಪ್ ಡ್ಯೂಟಿಯಲ್ಲಿ. ಕರ್ನಾಟಕದಲ್ಲಿ ಸ್ವಾಧೀನ ಕೊಡದ ಅಗ್ರಿಮೆಂಟಿಗೆ ಸಣ್ಣ ಮೊತ್ತ ಕಟ್ಟಿದರಾಯಿತು, ದೊಡ್ಡ ಮೊತ್ತ ಕ್ರಯಪತ್ರದ ದಿನ. ಮಹಾರಾಷ್ಟ್ರದಲ್ಲಿ ಹಾಗಲ್ಲ. ಸ್ವಾಧೀನ ಕೊಡುತ್ತೇವೆ ಎಂಬ ಮಾತಿರುವ ಅಗ್ರಿಮೆಂಟನ್ನೇ ಇಲ್ಲಿ ಕ್ರಯಪತ್ರದ ಹಾಗೆ ಲೆಕ್ಕ ಹಾಕುತ್ತಾರೆ. ಪೂರ್ತಿ ಡ್ಯೂಟಿಯನ್ನು ಆಗಲೇ ಕಟ್ಟಬೇಕು, ಸಹಿಗೆ ಮೊದಲು ಅಥವಾ ಸಹಿಯಾದ ಮೇಲೆ ಬರುವ ಮೊದಲ ಕೆಲಸದ ದಿನದ ಒಳಗೆ. ನೋಂದಣಿಗೆ ಮಾತ್ರ ಸಹಿಯಾದ ಮೇಲೆ ನಾಲ್ಕು ತಿಂಗಳ ಗಡುವು ಇದೆ. ಈಗ ಮುಂಬೈಯಲ್ಲಿ ಮೆಟ್ರೋ ಸೆಸ್ ಸೇರಿ ಶೇ. 6. ಪುಣೆ, ಠಾಣೆ ಕಡೆ ಶೇ. 7. ಅಂದರೆ ನಾವು ಕೊಂಡ ಬೆಲೆಗೇ ಈಗ ಮುಂಬೈಯಲ್ಲಿ 6 ಲಕ್ಷದ 60 ಸಾವಿರ. ನೋಂದಣಿ ಶುಲ್ಕ ಶೇ. 1, ಆದರೆ 30 ಸಾವಿರದ ಮೇಲೆ ಹೋಗುವುದಿಲ್ಲ. ಕೊಳ್ಳುವವರು ಹೆಂಗಸರು ಮಾತ್ರ ಆಗಿದ್ದರೆ ಡ್ಯೂಟಿಯಲ್ಲಿ ಶೇ. 1 ಕಡಿಮೆ. ಗಂಡನ ಹೆಸರೂ ಸೇರಿದರೆ ಆ ರಿಯಾಯಿತಿ ಇಲ್ಲ.

ಈ ಹಣಕ್ಕೆ ಬ್ಯಾಂಕು ಸಾಲ ಕೊಡುತ್ತದೆ ಅಂದುಕೊಳ್ಳಬೇಡಿ. ಸಾಲದ ಮಿತಿ ಲೆಕ್ಕ ಹಾಕುವಾಗ ಸ್ಟ್ಯಾಂಪ್ ಡ್ಯೂಟಿ, ನೋಂದಣಿ ಖರ್ಚನ್ನು ಮನೆಯ ಬೆಲೆಗೆ ಸೇರಿಸಬಾರದು ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. 10 ಲಕ್ಷದೊಳಗಿನ ಮನೆಗಳಿಗೆ ಮಾತ್ರ ವಿನಾಯಿತಿ. ಅಂಥ ಮನೆ ಮುಂಬೈಯಲ್ಲಿ ಎಲ್ಲಿದೆ? ಮೇಲಾಗಿ 75 ಲಕ್ಷಕ್ಕಿಂತ ಜಾಸ್ತಿಯ ಸಾಲವಾದರೆ ಬೆಲೆಯ ಶೇ. 75ರಷ್ಟೇ ಕೊಡುವುದು. ಉಳಿದದ್ದೆಲ್ಲ ಕೈಯಿಂದಲೇ ಹೋಗಬೇಕು. ಆ ಕೈಗೆ ಹಣ ಬರಬೇಕಾದದ್ದು ಹಳೆಯ ಮನೆಯಿಂದ.

ನಮ್ಮದು ಸಿಕ್ಕಿಬಿದ್ದದ್ದು ಅಲ್ಲೇ. ಹೊಸ ಮನೆಯ ಮಾಲೀಕರಿಗೆ ಜನವರಿ 15ಕ್ಕೆ 10 ಲಕ್ಷ ಕೊಡುತ್ತೇವೆ ಅಂತ ಅಗ್ರಿಮೆಂಟಿನಲ್ಲಿ ಬರೆದಿದ್ದೆವು. ಹಳೆಯ ಮನೆಯ ಗಿರಾಕಿ ಜನವರಿ ಮೊದಲ ವಾರ ಅಗ್ರಿಮೆಂಟ್ ಮಾಡಿ 12 ಲಕ್ಷ ಕೊಡುವವರಿದ್ದರು. ಅವರಿಗೆ ಸಾಲ ಕೊಡುವ ಬ್ಯಾಂಕು ನಮ್ಮ ಫೈಲು ತರಿಸಿಕೊಂಡಿತು. ನೀಲಿ ರಟ್ಟಿನ ಫೈಲು ಅದು. ಸೊಸೈಟಿಯ ಶೇರ್ ಸರ್ಟಿಫಿಕೇಟ್ ಇತ್ತು, ನೋಂದಣಿಯ ಸಾರಾಂಶವಾದ ಇಂಡೆಕ್ಸ್ ಟು ಇತ್ತು, ನಮ್ಮ ಅಗ್ರಿಮೆಂಟ್ ಇತ್ತು. ಆದರೆ ನಮಗೆ ಮನೆ ಮಾರಿದವರು ಬಿಲ್ಡರಿನಿಂದ ಕೊಂಡಾಗ ಮಾಡಿದ ಮೊದಲ ಅಗ್ರಿಮೆಂಟಿನ ಅಸಲು ಪ್ರತಿ ಇರಲಿಲ್ಲ. ಅದಕ್ಕೆ ಎಂಟು ವರ್ಷ ಮೊದಲು ನಾವು ಸಾಲ ತೀರಿಸಿದಾಗ ನಮ್ಮ ಬ್ಯಾಂಕು ಫೈಲು ವಾಪಸು ಕೊಟ್ಟಿತ್ತು. ಕೌಂಟರಿನಲ್ಲೇ ನಿಂತು ಕಾಗದ ಎಣಿಸದೆ ಸಹಿ ಹಾಕಿ ತಂದಿದ್ದೆವು.

ಅಸಲು ಕಾಗದ ಕಳೆದರೆ ಮೊದಲು ಪೊಲೀಸ್ ಠಾಣೆಯಲ್ಲಿ ದೂರು. ಆಮೇಲೆ ಒಂದು ಮರಾಠಿ, ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಸಾರ್ವಜನಿಕ ನೋಟಿಸು. ಯಾರಿಗಾದರೂ ತಕರಾರಿದೆಯೇ ಅಂತ 14 ದಿನ ಕಾಯಬೇಕು. ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ದೃಢೀಕೃತ ನಕಲು ತರಬೇಕು. ಮನೆಯ ಹಳೆಯ ದಾಖಲೆಗಳನ್ನೆಲ್ಲ ಹುಡುಕಿ ನೋಡಿ ವಕೀಲರು ಮತ್ತೆ ಹುಡುಕಾಟದ ವರದಿ ಬರೆಯಬೇಕು. ಒಂದೊಂದಕ್ಕೂ ಹಣ ಬೇಕು, ದಿನಗಳೂ ಬೇಕು. ಇದನ್ನೆಲ್ಲ ಮನೆ ಮಾರುವ ಯೋಚನೆ ಬಂದ ದಿನವೇ, ಯಾವ ಗಡುವೂ ಇಲ್ಲದಾಗ, ಸಾವಕಾಶವಾಗಿ ಮುಗಿಸಬಹುದಿತ್ತು. ನಾವು ಎರಡು ಗಡುವಿನ ನಡುವೆ ನಿಂತು ಮಾಡಿದೆವು. ಜನವರಿ 14ರ ಮಧ್ಯಾಹ್ನ ಅತ್ತೆ ಕಪಾಟಿನಿಂದ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟರು. ಆರು ಬಳೆ, ಅವರ ಮದುವೆಯ ಅವಲಕ್ಕಿ ಸರ, ನನ್ನ ಎರಡು ಚೈನು. ಸುಮ್ನೆ ನನ್ನ ಕಡೆ ನೋಡಿ, "ತೆಗೊಂಡು ಹೋಗು ಮಗಾ" ಅಂದರು. ಬಂಗಾರ ಅಡವಿಟ್ಟು, ತಮ್ಮನಿಂದ ಕೈಗಡ ತಂದು 10 ಲಕ್ಷ ಹೊಂದಿಸಿದೆವು. ಹಳೆಯ ಮನೆಯ ಹಣ ಬಂದದ್ದು ಮಾರ್ಚಿನಲ್ಲಿ.

ಈಗ ನಿಯಮ ಗಟ್ಟಿಯಾಗಿದೆ. 2023ರ ಡಿಸೆಂಬರ್ 1ರಿಂದ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಅಸಲು ಕಾಗದ ಕೊಡಬೇಕು. ಅದರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಕಾಗದ ಕಳೆದುಹೋದರೆ ನಕಲು ತೆಗೆಸಲು ನೆರವು ಕೊಟ್ಟು ಅದರ ಖರ್ಚನ್ನೂ ಬ್ಯಾಂಕೇ ಹೊರಬೇಕು. ಆದರೂ ಕೌಂಟರಿನಲ್ಲಿ ಎಣಿಸಿಯೇ ತನ್ನಿ.

ವಕೀಲರ ಫೀಸನ್ನು ಹಂತ ಹಂತವಾಗಿ ಮಾತಾಡಿಕೊಳ್ಳಿ. ಹುಡುಕಾಟಕ್ಕೆ ಇಷ್ಟು, ಕರಡಿಗೆ ಇಷ್ಟು, ನೋಂದಣಿಯ ದಿನ ಇಷ್ಟು. ಹುಡುಕಾಟದಲ್ಲೇ ತೊಡಕು ಕಂಡು ವ್ಯವಹಾರ ಮುರಿದರೆ ಅಲ್ಲಿಗೇ ನಿಲ್ಲುತ್ತದೆ. ಎರಡೂ ಮನೆಗೆ ಒಬ್ಬರೇ ವಕೀಲರಿದ್ದರೆ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಎರಡೂ ಅಗ್ರಿಮೆಂಟಿನ ತಾರೀಖುಗಳು ಒಂದೇ ಕಣ್ಣಿಗೆ ಬೀಳಬೇಕು. ನಾವು ಇಬ್ಬರನ್ನು ಇಟ್ಟುಕೊಂಡಿದ್ದೆವು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಮನೆ ಕೈ ಬದಲಾಗುವಾಗ ಹೌಸಿಂಗ್ ಸೊಸೈಟಿ ತೆಗೆದುಕೊಳ್ಳುವ ಟ್ರಾನ್ಸ್‌ಫರ್ ಪ್ರೀಮಿಯಂ ಮಹಾನಗರಪಾಲಿಕೆ ಪ್ರದೇಶದಲ್ಲಿ 25 ಸಾವಿರಕ್ಕಿಂತ ಜಾಸ್ತಿ ಇರುವಂತಿಲ್ಲ. ಅದನ್ನು ಮಾರುವವರು ಕೊಡುತ್ತಾರೋ ಕೊಳ್ಳುವವರೋ ಅಂತ ಟೋಕನ್ ದಿನವೇ ತೀರ್ಮಾನಿಸಿ.

ತೆರಿಗೆಗೂ ತಾರೀಖಿದೆ. ಮನೆ 50 ಲಕ್ಷವೋ ಅದಕ್ಕಿಂತ ಜಾಸ್ತಿಯೋ ಆದರೆ ಕೊಳ್ಳುವವರು ಬೆಲೆಯಲ್ಲಿ ಶೇ. 1 ಹಿಡಿದು ಸರ್ಕಾರಕ್ಕೆ ಕಟ್ಟುತ್ತಾರೆ. ನಮ್ಮ ಹಳೆಯ ಮನೆ 58 ಲಕ್ಷಕ್ಕೆ ಹೋಯಿತು. ಕೊರೊನಾದಿಂದ ಆಗ ದರ ಶೇ. 0.75 ಇತ್ತು. 43,500 ರೂಪಾಯಿ ಕೈಗೆ ಬರಲಿಲ್ಲ, ರಿಟರ್ನ್ ತುಂಬಿದ ಮೇಲೆ ಲೆಕ್ಕಕ್ಕೆ ಸಿಕ್ಕಿತು. ಮಾರಿದ ಲಾಭದ ತೆರಿಗೆಯಲ್ಲಿ ಮಾತ್ರ ನಮಗೆ ತೊಂದರೆಯಾಗಲಿಲ್ಲ. ಮಾರುವುದಕ್ಕೆ ಒಂದು ವರ್ಷ ಮೊದಲು ಅಥವಾ ಮಾರಿದ ಮೇಲೆ ಎರಡು ವರ್ಷದೊಳಗೆ ಮನೆ ಕೊಂಡರೆ ವಿನಾಯಿತಿ ಇದೆ. ನಾವು ಮೊದಲೇ ಕೊಂಡದ್ದೂ ಅದರೊಳಗೇ ಬಂತು.

ಹೋದ ವರ್ಷ ನನ್ನ ತಂಗಿ ಠಾಣೆಯಲ್ಲಿ ಇದೇ ಕೆಲಸ ಮಾಡಿದಳು. ಟೋಕನ್ ಕೊಡುವ ಮೊದಲೇ ಇಬ್ಬರೂ ಕುಳಿತು ದೊಡ್ಡ ಕಾಗದದ ಮೇಲೆ ಎರಡು ಸಾಲು ಎಳೆದೆವು. ಎಡಕ್ಕೆ ಹಣ ಬರುವ ದಿನ, ಬಲಕ್ಕೆ ಹೋಗುವ ದಿನ. ಚಲನು, ವಕೀಲರು, ಬ್ರೋಕರು, ಸೊಸೈಟಿ, ಲಾರಿ ಬಾಡಿಗೆ, ಎಲ್ಲ ಬರೆದೆವು. ಬಲಗಡೆ ಒಂದು ಕಡೆ 7 ಲಕ್ಷಕ್ಕೆ ಎಡಗಡೆ ಏನೂ ಇರಲಿಲ್ಲ. ಆ ಕಾಗದವನ್ನೇ ಮಡಚಿಕೊಂಡು ಹೊಸ ಮನೆಯ ಮಾಲೀಕರ ಹತ್ತಿರ ಹೋದಳು. ಅಗ್ರಿಮೆಂಟನ್ನು ಹನ್ನೆರಡು ದಿನ ಮುಂದೆ ಹಾಕಲು ಆಗುತ್ತದಾ ಅಂತ ಕೇಳಿದಳು. ಅವರು ಕನ್ನಡಕ ಹಾಕಿಕೊಂಡು ಕಾಗದ ನೋಡಿ, ಆಗಲಿ ಅಂದರು. 10 ಲಕ್ಷವನ್ನು ಮಾರ್ಚಿಗೆ ಹಾಕಿಕೊಡಿ ಅಂತ ನಾವು ಆ ಡಿಸೆಂಬರಿನಲ್ಲಿ ಕೇಳಿಯೇ ಇರಲಿಲ್ಲ.

ನಮಸ್ಕಾರ.