ನಡುವೆ ಏನಿದೆ? ವಿದ್ಯುದಾವೇಶ ಮತ್ತು ವಿದ್ಯುತ್ ಕ್ಷೇತ್ರದ ಬಗ್ಗೆ ಒಂದು ಮಾತು

(ಮುಂಬೈಯ ಮಾಟುಂಗದಲ್ಲಿ ಕನ್ನಡ ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಮೇಷ್ಟ್ರುಗಳು ತುಂಬಾ ಜನ ಬಂದಿದ್ದೀರಿ. ಹನ್ನೆರಡನೇ ಕ್ಲಾಸಿನ ಮಕ್ಕಳೂ ಇದ್ದೀರಿ. ಎರಡು ವಿದ್ಯುದಾವೇಶಗಳ ನಡುವಿನ ಬಲ ಎಷ್ಟು ಎಂದು ಹೇಳುವ ಕೂಲಂಬ್ ನಿಯಮ ಇಲ್ಲಿ ಯಾರಿಗೂ ಹೊಸದಲ್ಲ, ಅದನ್ನು ಬೋರ್ಡಿನ ಮೇಲೆ ಬರೆಯುತ್ತಾ ಕೂರುವುದಿಲ್ಲ. ನಾನು ಬಂದಿರುವುದು ಒಂದು ಪ್ರಶ್ನೆಗಾಗಿ. ಆ ನಿಯಮವನ್ನು ಬಾಯಿಪಾಠ ಮಾಡಿಸುವ ಅವಸರದಲ್ಲಿ ನಾವು ಮಕ್ಕಳಿಂದ ಕಿತ್ತುಕೊಂಡಿರುವ ಪ್ರಶ್ನೆ ಅದು. ಎರಡು ಆವೇಶಗಳು ಒಂದನ್ನೊಂದು ಮುಟ್ಟುವುದಿಲ್ಲ. ಆದರೂ ತಳ್ಳುತ್ತವೆ, ಎಳೆಯುತ್ತವೆ. ಹಾಗಾದರೆ ನಡುವೆ ಏನಿದೆ?

ಫ್ರಾನ್ಸಿನ ವಿಜ್ಞಾನಿ ಕೂಲಂಬ್ 1785ರಲ್ಲಿ ತೆಳು ತಂತಿಯ ತಿರುಚುವಿಕೆಯಿಂದ ಈ ಬಲವನ್ನು ಅಳೆದ. ದೂರ ಎರಡು ಪಟ್ಟಾದರೆ ಬಲ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ ಎಂದು ತೋರಿಸಿದ. ದೊಡ್ಡ ಕೆಲಸ ಅದು. ಆದರೆ ಬಲ ಎಷ್ಟು ಎಂದು ಹೇಳಿ ಆ ನಿಯಮ ಸುಮ್ಮನಾಗುತ್ತದೆ. ನಮ್ಮ ಮಕ್ಕಳೂ ಅಲ್ಲಿಗೇ ಸುಮ್ಮನಾಗುತ್ತಾರೆ, ಯಾಕೆಂದರೆ ಪರೀಕ್ಷೆಯಲ್ಲಿ ಕೇಳುವುದು ಅಷ್ಟೇ.

ಇನ್ನೊಂದು ತೊಂದರೆ ಇದೆ. ಎನ್‌ಸಿಇಆರ್‌ಟಿಯ ಹನ್ನೆರಡನೇ ಕ್ಲಾಸಿನ ಭೌತಶಾಸ್ತ್ರದಲ್ಲಿ ಇದೇ ಮೊದಲ ಪಾಠ. ಜೂನ್‌ನಲ್ಲಿ ಕಾಲೇಜು ಶುರುವಾಗುವ ಕಡೆ ಈ ಪಾಠವೂ ಮುಂಬೈ ಮಳೆಯೂ ಒಟ್ಟಿಗೇ ಬರುತ್ತವೆ. ಬಾಚಣಿಗೆ ಉಜ್ಜಿದರೆ ಕಾಗದದ ಚೂರು ಅಲುಗಾಡುವುದಿಲ್ಲ. ಮೇಷ್ಟ್ರು ಎರಡು ಸಲ ನೋಡಿ, ಬಾಚಣಿಗೆ ಜೇಬಿಗೆ ಹಾಕಿ, ಚಾಕ್‌ಪೀಸ್ ಹಿಡಿಯುತ್ತಾರೆ. ಪ್ರಯೋಗ ಅಲ್ಲಿಗೆ ಮುಗಿಯಿತು.

ಫೋರ್ಟ್ ಕಡೆಯ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ನಾನು ಕೆಲವು ವರ್ಷ ಪಾಠ ಮಾಡಿದೆ. ಆ ಶಾಲೆಗಳ ವಿಷಯ ಈ ಸಭೆಗೆ ವಿವರಿಸಬೇಕಾಗಿಲ್ಲ, ಅಲ್ವಾ? ಮುಂದಿನ ಸಾಲಿನಲ್ಲಿ ಕೂತಿರುವ ಹಿರಿಯರಲ್ಲಿ ಎಷ್ಟೋ ಜನ ಅಲ್ಲೇ ಓದಿದವರು. ಹಗಲೆಲ್ಲ ಹೋಟೆಲಿನಲ್ಲಿ ಟೇಬಲ್ ಒರೆಸಿ, ತಟ್ಟೆ ತೊಳೆದು, ರಾತ್ರಿ ಬೆಂಚಿನ ಮೇಲೆ ಕೂತು ಕಲಿಯುತ್ತಿದ್ದ ಹುಡುಗರು. ಜುಲೈ ತಿಂಗಳು, ಹೊರಗೆ ಧೋ ಎಂದು ಮಳೆ. ನಾನು ಪ್ಲಾಸ್ಟಿಕ್ ಬಾಚಣಿಗೆಯನ್ನು ಉಣ್ಣೆ ಶಾಲಿನ ತುಂಡಿನಿಂದ ಉಜ್ಜಿ ಕಾಗದದ ಹತ್ತಿರ ಹಿಡಿದೆ. ಏನೂ ಆಗಲಿಲ್ಲ. ಕುಂದಾಪುರ ಕಡೆಯ ಒಬ್ಬ ಹುಡುಗ, ಅಡುಗೆಮನೆಯಲ್ಲಿ ಕೆಲಸ ಮಾಡುವವನು, ಎದ್ದು ಬಂದು ಬಾಚಣಿಗೆಯನ್ನು ಮುಟ್ಟಿ ನೋಡಿದ. "ಮಾಷ್ಟ್ರೇ, ಇದಕ್ಕೆ ಥಂಡಿ ಹಿಡಿದಿದೆ. ಮಳೆಗಾಲದ ಹಪ್ಪಳದ ಹಾಗೆ" ಅಂದ. ಎಲ್ಲರೂ ನಕ್ಕರು. ಅವನು ನಗಲಿಲ್ಲ. ಬಾಚಣಿಗೆಯನ್ನೂ ಶಾಲಿನ ತುಂಡನ್ನೂ ಕೇಳಿ ತೆಗೆದುಕೊಂಡು ಹೋದ.

ಮರುದಿನ ರಾತ್ರಿ ಸ್ಟೀಲ್ ಡಬ್ಬಿಯೊಂದನ್ನು ಬಿಗಿಯಾಗಿ ಮುಚ್ಚಿ ತಂದ. ಒಳಗೆ ಅವೆರಡೂ ಇದ್ದವು. ದೋಸೆ ಕಲ್ಲಿನ ಪಕ್ಕದ ಕಟ್ಟೆಯ ಮೇಲಿಟ್ಟು ಚೆನ್ನಾಗಿ ಒಣಗಿಸಿ, ಇನ್ನೂ ಬೆಚ್ಚಗಿರುವಾಗಲೇ ಡಬ್ಬಿಗೆ ಹಾಕಿದ್ದ. ಉಜ್ಜಿದ. ಹೋಟೆಲಿನ ಬಿಲ್ ಪುಸ್ತಕದಿಂದ ಹರಿದು ತಂದಿದ್ದ ಕಾಗದದ ಚೂರುಗಳು ಜಿಗಿದು ಬಂದು ಬಾಚಣಿಗೆಗೆ ಅಂಟಿದವು. ಕ್ಲಾಸಿನಲ್ಲಿ ಶಿಳ್ಳೆ!

ಆ ಹುಡುಗ ಹಿಡಿದದ್ದು ಸರಿಯಾದ ಕಾರಣ. ಒದ್ದೆ ಗಾಳಿಯೇ ಆವೇಶವನ್ನು ಹೊತ್ತು ಹೋಗುತ್ತದೆ ಎಂದು ನಮ್ಮಲ್ಲಿ ಜಾಸ್ತಿ ಜನ ಪಾಠ ಮಾಡುತ್ತೇವೆ. ನಿಜವಾಗಿ ಆಗುವುದು ವಸ್ತುವಿನ ಮೈಮೇಲೆ. ತೇವ ಅಲ್ಲಿ ತೆಳ್ಳಗೆ ಕೂರುತ್ತದೆ. ಬೆವರಿನ, ಕೊಳೆಯ ಉಪ್ಪು ಅದರಲ್ಲಿ ಕರಗಿರುತ್ತದೆ. ಆ ಪದರದ ಮೂಲಕ ಆವೇಶ ನಿಮ್ಮ ಕೈಗೆ ಜಾರಿ ನೆಲಕ್ಕೆ ಹೋಗುತ್ತದೆ. ಒಣಗಿಸಿದರೆ ದಾರಿ ಮುಚ್ಚುತ್ತದೆ. ಆದ್ದರಿಂದ ಮೇಷ್ಟ್ರೇ, ಜೂನ್ ತಿಂಗಳಲ್ಲಿ ಪ್ರಯೋಗ ಕೈಬಿಡಬೇಡಿ. ಮೊದಲು ಒದ್ದೆ ಬಾಚಣಿಗೆಯಿಂದ ಮಾಡಿ, ಆಮೇಲೆ ಒಣಗಿಸಿ ಮಾಡಿ. ಆವೇಶವನ್ನು ಹರಿಯಬಿಡುವ ವಾಹಕ ಅಂದರೇನು, ಹರಿಯಬಿಡದ ನಿರೋಧಕ ಅಂದರೇನು ಎಂದು ಬೇರೆ ಪಾಠ ಬೇಕಾಗುವುದಿಲ್ಲ.

ಉಜ್ಜಿದಾಗ ಆವೇಶ ಹುಟ್ಟುವುದಿಲ್ಲ. ಉಣ್ಣೆಯಿಂದ ಋಣ ಆವೇಶದ ಎಲೆಕ್ಟ್ರಾನುಗಳು ಬಾಚಣಿಗೆಗೆ ಹೋಗುತ್ತವೆ. ಇಲ್ಲಿ ಎಷ್ಟು ಋಣವೋ ಅಲ್ಲಿ ಅಷ್ಟೇ ಧನ. ಒಂದು ಎಲೆಕ್ಟ್ರಾನಿನ ಆವೇಶ ಎಷ್ಟು ಚಿಕ್ಕದು ಎಂದರೆ, ಒಂದು ನ್ಯಾನೋಕೂಲಂಬ್, ಅಂದರೆ ಆವೇಶದ ಅಳತೆಯಾದ ಕೂಲಂಬಿನ ನೂರು ಕೋಟಿಯಲ್ಲಿ ಒಂದು ಪಾಲು, ಆಗಬೇಕಾದರೆ ಸುಮಾರು 624 ಕೋಟಿ ಎಲೆಕ್ಟ್ರಾನುಗಳು ಬೇಕು. ಬಾಚಣಿಗೆಯ ಆಟವೆಲ್ಲ ನ್ಯಾನೋಕೂಲಂಬುಗಳ ಲೆಕ್ಕದ್ದು. ಒಂದು ಮೀಟರ್ ದೂರದಲ್ಲಿ ಎರಡು ಪೂರ್ತಿ ಕೂಲಂಬುಗಳನ್ನು ಇಡಲು ಸಾಧ್ಯವಾದರೆ, ಅವುಗಳ ನಡುವಿನ ಬಲ ಸುಮಾರು 9 ಲಕ್ಷ ಟನ್ ತೂಕಕ್ಕೆ ಸಮ!

ಆ ರಾತ್ರಿ ಹಿಂದಿನ ಬೆಂಚಿನಿಂದ ಇನ್ನೊಬ್ಬ ಕೇಳಿದ: "ಬಾಚಣಿಗೆಯನ್ನು ಉಜ್ಜಿದಿರಿ ಸರಿ. ಕಾಗದವನ್ನು ಯಾರೂ ಉಜ್ಜಲಿಲ್ಲವಲ್ಲ, ಅದು ಯಾಕೆ ಬಂತು?" ಇಂಥ ಪ್ರಶ್ನೆ ಬಂದರೆ ಆ ದಿನದ ಪಾಠ ನಿಲ್ಲಿಸಿ ಅದನ್ನೇ ಹಿಡಿಯಬೇಕು. ಕಾಗದದಲ್ಲಿ ಧನ, ಋಣ ಎರಡೂ ಸಮ ಇವೆ. ಋಣ ಬಾಚಣಿಗೆ ಹತ್ತಿರ ಬಂದಾಗ ಕಾಗದದ ಒಳಗಿನ ಆವೇಶಗಳು ಚೂರೇ ಚೂರು ಸರಿಯುತ್ತವೆ. ಬಾಚಣಿಗೆ ಕಡೆಯ ಮುಖ ಧನ, ಆಚೆಯ ಮುಖ ಋಣ. ಒಂದನ್ನು ಎಳೆಯುತ್ತದೆ, ಇನ್ನೊಂದನ್ನು ತಳ್ಳುತ್ತದೆ. ಎರಡೂ ಸಮವಾಗಿದ್ದರೆ ಕಾಗದ ಇದ್ದಲ್ಲೇ ಇರಬೇಕಿತ್ತು. ಆದರೆ ಹತ್ತಿರದ ಮುಖ ಇರುವ ಜಾಗದಲ್ಲಿ ಬಾಚಣಿಗೆಯ ಪ್ರಭಾವ ಸ್ವಲ್ಪ ಜಾಸ್ತಿ, ದೂರದ ಮುಖ ಇರುವಲ್ಲಿ ಸ್ವಲ್ಪ ಕಡಿಮೆ. ಕಾಗದದ ದಪ್ಪದಷ್ಟು ಅಂತರದ ವ್ಯತ್ಯಾಸ. ಅಷ್ಟಕ್ಕೇ ಅದು ಹಾರಿತು. ನೋಡಿ, ನಾವೀಗ ಆವೇಶದ ಮಾತು ಬಿಟ್ಟು ಜಾಗದ ಮಾತಾಡುತ್ತಿದ್ದೇವೆ. ಈ ಜಾಗದಲ್ಲಿ ಇಷ್ಟು, ಆ ಜಾಗದಲ್ಲಿ ಅಷ್ಟು. ಇದೇ ವಿದ್ಯುತ್ ಕ್ಷೇತ್ರ. ಒಂದು ಪುಟ್ಟ ಆವೇಶವನ್ನು ಅಲ್ಲಿಟ್ಟು, ಅದರ ಮೇಲಿನ ಬಲವನ್ನು ಅದೇ ಆವೇಶದಿಂದ ಭಾಗಿಸಿದರೆ ಆ ಜಾಗದ ಕ್ಷೇತ್ರ ಸಿಗುತ್ತದೆ.

ಜಾಣ ಮಕ್ಕಳು ಇಲ್ಲಿ ಜಗಳಕ್ಕೆ ಬರುತ್ತಾರೆ, ಬರಲೇಬೇಕು. ಇದು ಸುಮ್ನೆ ಲೆಕ್ಕದ ಅನುಕೂಲ ಅಲ್ವಾ ಸರ್, ಭಾಗಿಸಿ ಒಂದು ಹೆಸರು ಕೊಟ್ಟಿರಿ, ನಡುವೆ ನಿಜವಾಗಿ ಏನಾದರೂ ಇದೆಯಾ? ಆವೇಶಗಳು ಅಲುಗಾಡದೆ ಕೂತಿದ್ದರೆ ಆ ಮಾತನ್ನು ತಳ್ಳಿಹಾಕುವುದು ಕಷ್ಟ. ಅಲುಗಾಡಿಸಿ ನೋಡಿ. ಮಾಟುಂಗದಲ್ಲಿ ಒಂದು ಆವೇಶವನ್ನು ಅಲ್ಲಾಡಿಸಿದೆ ಎನ್ನಿ. ನೇರ ದಾರಿಯಲ್ಲಿ ಸುಮಾರು 120 ಕಿಲೋಮೀಟರ್ ದೂರದ ಪುಣೆಯಲ್ಲಿ ಇನ್ನೊಂದು ಆವೇಶವಿದೆ. ಸುದ್ದಿ ಅಲ್ಲಿಗೆ ಬೆಳಕಿನ ವೇಗದಲ್ಲಿ ಹೋಗುತ್ತದೆ, ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಅಂದರೆ 0.0004 ಸೆಕೆಂಡ್ ಬೇಕು. ಅಷ್ಟು ಹೊತ್ತು ಇಲ್ಲಿಯದು ಅಲುಗಾಡಿ ಆಗಿದೆ, ಅಲ್ಲಿಯದಕ್ಕೆ ಇನ್ನೂ ಗೊತ್ತಿಲ್ಲ. ಆ ಸುದ್ದಿ, ಆ ಶಕ್ತಿ ಆಗ ಎಲ್ಲಿದೆ? ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಖಂಡಾಲ ಘಾಟಿನ ಮೇಲೆ ಎಲ್ಲೋ, ಕ್ಷೇತ್ರದಲ್ಲಿದೆ. ನಿಮ್ಮ ಜೇಬಿನ ಮೊಬೈಲ್ ಕೆಲಸ ಮಾಡುವುದೂ ಹೀಗೇ. ಟವರಿನಲ್ಲಿ ಎಲೆಕ್ಟ್ರಾನುಗಳು ಅಲ್ಲಾಡಿದವು, ಸ್ವಲ್ಪ ತಡವಾಗಿ ನಿಮ್ಮ ಫೋನಿನವು ಅಲ್ಲಾಡಿದವು. ನಡುವೆ ಇದ್ದದ್ದು ಕ್ಷೇತ್ರ.

ನಡುವೆ ಏನಿದೆ ಎಂದು ಹಟ ಹಿಡಿದು ಕೇಳಿದವನು ಫ್ಯಾರಡೆ. ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ. 1812ರಲ್ಲಿ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಯ ಸಾರ್ವಜನಿಕ ಉಪನ್ಯಾಸಗಳನ್ನು ಕೇಳಿದ, ಟಿಪ್ಪಣಿ ಬರೆದ, ತಾನೇ ಬೈಂಡ್ ಮಾಡಿ ಡೇವಿಗೆ ಕಳಿಸಿದ. ಮುಂದಿನ ವರ್ಷ ಅವನ ಸಹಾಯಕನಾದ. ಗಣಿತ ಹೆಚ್ಚು ಕಲಿತವನಲ್ಲ. ಆದರೆ ಖಾಲಿ ಜಾಗದಲ್ಲಿ ಬಲದ ರೇಖೆಗಳನ್ನು ಕಂಡ. ಅವನ್ನು ಸಮೀಕರಣಗಳಲ್ಲಿ ಬರೆದದ್ದು ಆಮೇಲೆ ಬಂದ ಮ್ಯಾಕ್ಸ್‌ವೆಲ್. ನಮ್ಮ ರಾತ್ರಿ ಶಾಲೆಯ ಹುಡುಗರಿಗೆ ಫ್ಯಾರಡೆಯ ಕತೆ ಹೇಳಿದಾಗ ಯಾರೂ ಆಕಳಿಸುತ್ತಿರಲಿಲ್ಲ.

ಈಗ ಲೋಕಲ್ ರೈಲಿನ ವಿಷಯ, ಇದನ್ನು ಬಿಡುವ ಹಾಗಿಲ್ಲ. 1925ರ ಫೆಬ್ರವರಿ 3ರಂದು ವಿಟಿಯಿಂದ (ಈಗಿನ ಸಿಎಸ್‌ಎಂಟಿ) ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿದಾಗ ತಂತಿಯಲ್ಲಿ ಇದ್ದದ್ದು 1500 ವೋಲ್ಟ್ ಡಿಸಿ, ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್. ಈಗ 25,000 ವೋಲ್ಟ್ ಎಸಿ, ದಿಕ್ಕು ಬದಲಿಸುತ್ತಾ ಹರಿಯುವ ವಿದ್ಯುತ್. ತಂತಿ ಮನುಷ್ಯನನ್ನು ಎಳೆದುಕೊಳ್ಳುತ್ತದೆ ಎಂದು ಜನ ಹೇಳುತ್ತಾರೆ. ತಂತಿ ಎಳೆಯುವುದಿಲ್ಲ. ಕ್ಷೇತ್ರ ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ದಾಟಿದರೆ ನಡುವಿನ ಗಾಳಿಯೇ ಒಡೆದು ವಾಹಕವಾಗುತ್ತದೆ. ಚೂಪಾದ ತುದಿಯಲ್ಲಿ ಕ್ಷೇತ್ರ ಇನ್ನೂ ದಟ್ಟ. ರೈಲು ಡಬ್ಬಿಯ ಮೇಲೆ ಹತ್ತಿದವನ ಕೈಯಲ್ಲಿ ಛತ್ರಿಯಿದ್ದರೆ ಅದರ ತುದಿಯನ್ನು ನೆನೆಸಿಕೊಳ್ಳಿ. ತಂತಿಯನ್ನು ಮುಟ್ಟದೆಯೂ ಸಾಯಬಹುದು. ನಿಮ್ಮ ಮನೆಯ ಹುಡುಗರಿಗೆ ಇದನ್ನು ಹೇಳಿ, ಇವತ್ತೇ ಹೇಳಿ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಆವೇಶಕ್ಕೂ ಅದರ ಸುತ್ತಲಿನ ಕ್ಷೇತ್ರಕ್ಕೂ ಇರುವ ಸಂಬಂಧ ಹೇಳುವ ಗಾಸ್ ನಿಯಮ ತಂದಿದ್ದೆ, ಅದು ಇನ್ನೊಂದು ದಿನಕ್ಕೆ ಇರಲಿ. ಸಿಡಿಲಿನ ಬಗ್ಗೆ ಎರಡೇ ಮಾತು. ಫ್ಯಾರಡೆ 1836ರಲ್ಲಿ ಹನ್ನೆರಡು ಅಡಿಯ ಚೌಕದ ಕೋಣೆಗೆ ಲೋಹ ಹೊದಿಸಿ, ಹೊರಗಿನಿಂದ ಆವೇಶ ತುಂಬಿಸಿ, ತಾನು ಒಳಗೆ ಕೂತು ಅಳೆದ. ಒಳಗೆ ಕ್ಷೇತ್ರವೇ ಇರಲಿಲ್ಲ. ಹೊರಗೆ ಸಿಡಿಲು ಹೊಡೆಯುತ್ತಿದ್ದರೆ ಲೋಹದ ಮೈಯ ಬಸ್ಸು, ಕಾರಿನ ಒಳಗೆ ಕಿಟಕಿ ಮುಚ್ಚಿ ಕೂರಿ ಎನ್ನುವುದು ಇದಕ್ಕೇ. ಊರಿಗೆ ಹೋದಾಗ ಗದ್ದೆ ಕೆಲಸ ಮಾಡುವವರ ಫೋನಿಗೆ ದಾಮಿನಿ ಆ್ಯಪ್ ಹಾಕಿಕೊಡಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ಮಾಡಿದ್ದು, ಹತ್ತಿರ ಸಿಡಿಲು ಬರುವಂತಿದ್ದರೆ ಮುಂಚೆಯೇ ಎಚ್ಚರಿಸುತ್ತದೆ.

ಪ್ರಶ್ನೆಗಳಿಗೆ ಹತ್ತು ನಿಮಿಷ ಉಳಿದಿದೆಯಂತೆ. ಮಕ್ಕಳು ಮೊದಲು ಕೇಳಲಿ, ಮೇಷ್ಟ್ರುಗಳು ಆಮೇಲೆ.