ಸುಡೋ ಮುಂಚೆ ಅದೇನು ಅಂತ ನೋಡಿದ್ರಾ?

ನಮಸ್ಕಾರ. ಕೆಲವು ಪಾರ್ಲರ್‌ಗಳ ಬೋರ್ಡ್ ಗಮನಿಸಿದ್ದೀರಾ? ಐಬ್ರೋ, ಫೇಶಿಯಲ್, ಅದರ ಕೆಳಗೇ ‘ನರುಳ್ಳಿ, ಮಚ್ಚೆ ತೆಗೆಯಲಾಗುವುದು’. ಹುಬ್ಬು ತಿದ್ದುವ ಕೈಯೇ ಮಚ್ಚೆಯನ್ನೂ ಸುಡುತ್ತದೆ. ಸುಡುವುದಕ್ಕೆ ನನ್ನ ತಕರಾರಿಲ್ಲ. ಸುಡುವ ಮುಂಚೆ ಅದೇನು ಅಂತ ನೋಡಿದವರು ಯಾರು?

ಚರ್ಮದ ಮೇಲೆ ಎದ್ದಿದ್ದೆಲ್ಲ ಒಂದೇ ಅಲ್ಲ. ಕತ್ತು, ಕಂಕುಳಲ್ಲಿ ಮೆತ್ತಗೆ ಜೋತಾಡುವುದು ಸ್ಕಿನ್ ಟ್ಯಾಗ್, ಅದು ಯಾರಿಗೂ ಅಂಟಲ್ಲ. ಬೆರಳ ಮೇಲೆ ಒರಟಾಗಿ ಏಳುವ ನರುಳ್ಳಿ ಎಚ್‌ಪಿವಿ ವೈರಸ್‌ನ ಕೆಲಸ, ಕೆರೆದರೆ, ಅದರ ಮೇಲೆ ರೇಜರ್ ಆಡಿಸಿದರೆ ಹರಡುತ್ತದೆ. ವಯಸ್ಸಾದವರ ಬೆನ್ನ ಮೇಲೆ ಮೇಣ ಮೆತ್ತಿದ ಹಾಗೆ ಕಾಣುವ ಕಂದು ಗಂಟು ಇನ್ನೊಂದು. ಇವೆಲ್ಲ ಸಾಧು. ಆದರೆ ಅಪರೂಪಕ್ಕೆ ಒಂದು ಸಾಧು ಆಗಿರಲ್ಲ: ದಿನೇ ದಿನೇ ಬೆಳೆಯುತ್ತದೆ, ಬಣ್ಣ ಬದಲಾಗುತ್ತದೆ, ಅಂಚು ಅಡ್ಡಾದಿಡ್ಡಿ ಆಗುತ್ತದೆ, ಸುಮ್ನೆ ರಕ್ತ ಒಸರುತ್ತದೆ. ಅಂಥದ್ದನ್ನು ಸುಟ್ಟರೆ ಪರೀಕ್ಷೆಗೆ ಅಂತ ಏನೂ ಉಳಿಯಲ್ಲ. ಚರ್ಮದ ಡಾಕ್ಟರಿಗೆ ಅನುಮಾನ ಬಂದರೆ ಬ್ಲೇಡಿನಲ್ಲಿ ತೆಗೆದು, ಆ ಚೂರನ್ನು ಕೆಡದ ಹಾಗೆ ಇಡುವ ಫಾರ್ಮಲಿನ್ ದ್ರವ ಇರುವ ಪುಟ್ಟ ಡಬ್ಬಿಗೆ ಹಾಕಿ ಬಯಾಪ್ಸಿಗೆ ಕಳಿಸುತ್ತಾರೆ. ಆ ಡಬ್ಬಿ ಪಾರ್ಲರಿನಲ್ಲಿ ಇರಲ್ಲ, ಅಲ್ವಾ?

‘ನಮ್ಮ ಬಣ್ಣದವರಿಗೆ ಚರ್ಮದ ಕ್ಯಾನ್ಸರ್ ಬರಲ್ಲ ಬಿಡಿ’ ಅನ್ನುವವರಿದ್ದಾರೆ. ಕಡಿಮೆ, ನಿಜ. ಆದರೆ ಮೆಲನೋಮ ಅನ್ನುವ ಅಪಾಯಕಾರಿ ಚರ್ಮದ ಕ್ಯಾನ್ಸರ್ ಬಂದಾಗ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುವುದೇ ಜಾಸ್ತಿ. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಪತ್ತೆಯಾದ ಮೆಲನೋಮ ಇದ್ದದ್ದು ಕಾಲ್ಬೆರಳಿನ ಉಗುರಿನ ಕೆಳಗೆ. 1981ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 36.

ಇನ್ನು ಮನೆಮದ್ದು. ಕುದುರೆ ಬಾಲದ ಕೂದಲು ಕಟ್ಟೋದು, ಸುಣ್ಣಕ್ಕೆ ಸೋಡಾ ಕಲಸಿ ಹಚ್ಚೋದು. ಕೂದಲು ಕಟ್ಟಿದರೆ ರಕ್ತದ ಓಡಾಟ ನಿಂತು ಸಣ್ಣ ಟ್ಯಾಗ್ ಉದುರಲೂಬಹುದು, ಕೀವಾಗಲೂಬಹುದು. ಸುಣ್ಣ ಮಾತ್ರ ನರುಳ್ಳಿ ಯಾವುದು, ಪಕ್ಕದ ಚರ್ಮ ಯಾವುದು ಅಂತ ನೋಡಲ್ಲ, ಎರಡನ್ನೂ ತಿನ್ನುತ್ತದೆ. ಆನ್‌ಲೈನ್‌ನಲ್ಲಿ ಸಿಗುವ ‘ಮಚ್ಚೆ ಉದುರಿಸುವ’ ಡ್ರಾಪ್ಸ್ ಕೂಡ ಇದೇ ಜಾತಿ. ಇಂಥದ್ದನ್ನು ಮಾರುತ್ತಿದ್ದವರಿಗೆ 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಪತ್ರ ಕಳಿಸಿತ್ತು.

ಡಾಕ್ಟರ ಹತ್ತಿರ ತೆಗೆಸೋದೇನು ದೊಡ್ಡ ಆಪರೇಷನ್ ಅಲ್ಲ. ಲಿಗ್ನೊಕೇನ್ ಇಂಜೆಕ್ಷನ್ ಒಳಗೆ ಹೋಗುವಾಗ ಕೆಲವು ಸೆಕೆಂಡ್ ಚುರುಚುರು ಅನ್ನುತ್ತದೆ, ನಿಜ ಹೇಳಬೇಕೆಂದರೆ ನೋವು ಅಂತ ಇರೋದು ಅಷ್ಟೇ. ಆಮೇಲೆ ಆ ಜಾಗ ಮರಗಟ್ಟುತ್ತದೆ, ಸುಡುವ ಮೆಷಿನ್ ಗುಂಯ್ ಅನ್ನುತ್ತದೆ, ಕೂದಲು ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ, ಮುಗೀತು. ಕಪ್ಪು ಹೊಪ್ಪಳೆ ಕಟ್ಟುತ್ತದೆ, ಅದನ್ನು ಕೀಳಬೇಡಿ. ನಮ್ಮ ಚರ್ಮದಲ್ಲಿ ಕಲೆ ಬೇಗ ಕಪ್ಪಾಗುತ್ತದೆ, ಹಾಗಾಗಿ ಗಾಯ ಮಾಗಿದ ಮೇಲೆ ಸನ್‌ಸ್ಕ್ರೀನ್ ಬೇಕು. ಎದೆ, ಭುಜದ ಮೇಲಿನದನ್ನು ಬರೀ ಅಂದಕ್ಕೆ ಅಂತ ತೆಗೆಸುವ ಮುಂಚೆ ಎರಡು ಸಲ ಯೋಚಿಸಿ, ಅಲ್ಲಿ ಕಲೆ ಕೀಲಾಯ್ಡ್ ಆಗಿ ಉಬ್ಬಿಕೊಂಡರೆ ಮೊದಲಿಗಿಂತ ದೊಡ್ಡ ತಲೆನೋವು.

ಹಾಂ, ಇನ್ನೊಂದು. ಕತ್ತಿನ ತುಂಬ ಟ್ಯಾಗ್, ಜೊತೆಗೆ ಮಡಿಕೆಗಳು ಕಪ್ಪಾಗಿವೆ ಅಂತ ಹೋದರೆ ಡಾಕ್ಟರು ಶುಗರ್ ಟೆಸ್ಟಿಗೆ ಚೀಟಿ ಬರೆಯಬಹುದು. ಕಮಿಷನ್ನಿಗೆ ಅಂತ ಬೈದುಕೊಂಡು ಚೀಟಿ ಹರಿಯಬೇಡಿ. ದೇಹ ಇನ್ಸುಲಿನ್ನಿಗೆ ಸರಿಯಾಗಿ ಬಗ್ಗದಿದ್ದಾಗ ಚರ್ಮ ಹೀಗಾಗುತ್ತದೆ. ಟ್ಯಾಗ್ ಆಮೇಲೆ ತೆಗೆಸಿದರೂ ನಡೆಯುತ್ತೆ, ಟೆಸ್ಟ್ ಮೊದಲು ಮಾಡಿಸಿ.