ಮುರಿದ ರೊಟ್ಟಿ, ಎರಡು ಪ್ರಶ್ನೆ: ವ್ಯಾಪಾರ ಮಾಡುವವರು ಕಲಿಯುವುದು ಹೇಗೆ?

[ಮೇಜಿನ ಮೇಲೆ ಒಂದು ಖಡಕ್ ರೊಟ್ಟಿ. ಕೈಯೊಂದು ಬಂದು ಮುರಿಯುತ್ತದೆ. ಕಟಕ್ ಎಂಬ ಸದ್ದು.]

ನಮಸ್ಕಾರ. ಈ ಸದ್ದು ಕೇಳಿ ನಿಮ್ಮ ಬಾಯಲ್ಲಿ ನೀರು ಬಂದಿರಬಹುದು. ನನಗೆ ಮಾತ್ರ ಇವತ್ತಿಗೂ ಎದೆ ಝಲ್ ಎನ್ನುತ್ತದೆ.

ಕೆಲವು ವರ್ಷದ ಹಿಂದಿನ ಮಾತು. ಧಾರವಾಡದ ಸಪ್ತಾಪುರದಿಂದ ಹುಬ್ಬಳ್ಳಿಯ ಉಣಕಲ್‌ಗೆ ಮುನ್ನೂರು ಖಡಕ್ ರೊಟ್ಟಿ ಒಯ್ಯುತ್ತಿದ್ದೆ. ನಮ್ಮ ದೊಡ್ಡವ್ವ ಬಡಿದ ರೊಟ್ಟಿ. ಒಬ್ಬರ ಮನೆಯ ವಾಸ್ತುಶಾಂತಿ ಊಟಕ್ಕೆ ಆರ್ಡರ್ ಬಂದಿತ್ತು. ಬೈಕಿನ ಹಿಂದೆ ಎರಡು ರಟ್ಟಿನ ಡಬ್ಬಿ, ಹಗ್ಗ ಬಿಗಿದು ಕಟ್ಟಿದ್ದೆ. ನವಲೂರು ದಾಟಿದ ಮೇಲೆ ಒಂದು ತಗ್ಗು ಬಂತು. ನಾನು ಬೀಳಲಿಲ್ಲ. ಡಬ್ಬಿಯೂ ಬೀಳಲಿಲ್ಲ. ಒಳಗಿನಿಂದ ಸದ್ದು ಬಂತು, ಅಷ್ಟೇ.

ಉಣಕಲ್‌ನಲ್ಲಿ ಡಬ್ಬಿ ಬಿಚ್ಚಿ ಎಣಿಸಿದೆವು. ಇಡಿಯಾಗಿ ಉಳಿದದ್ದು ನೂರಾ ನಲವತ್ತು. ಆ ಮನೆಯ ಯಜಮಾನರು ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ತಾಟಿನ ತುಂಬ ಚೂರು ನೋಡಿ, "ಇದನ್ನ ಮಂದಿಗೆ ಹೆಂಗ ಬಡಸೂದು?" ಎಂದು ಮೆಲ್ಲಗೆ ಕೇಳಿದರು.

ತಮಾಷೆ ನೋಡಿ. ಖಡಕ್ ರೊಟ್ಟಿಯನ್ನು ಮುರಿದೇ ತಿನ್ನಬೇಕು. ಆದರೆ ಮೊದಲೇ ಮುರಿದದ್ದನ್ನು ಬಡಿಸಿದರೆ ಅವಮಾನ!

[ಟೈಟಲ್ ಕಾರ್ಡ್. ನಂತರ ಸ್ಟುಡಿಯೋ.]

ಒಂದು ವಿಮಾನದ ಕಥೆ ಹೇಳಿ ರೊಟ್ಟಿಗೆ ವಾಪಸ್ ಬರುತ್ತೇನೆ. ಎರಡನೇ ಮಹಾಯುದ್ಧದ ಹೊತ್ತು. ಅಮೆರಿಕದಲ್ಲಿ ಪೈಲಟ್ ತರಬೇತಿಗೆ ಸೇರಿದ ಎಷ್ಟೋ ಹುಡುಗರು ಫೇಲ್ ಆಗುತ್ತಿದ್ದರು. ಕಾರಣ ಏನು ಎಂದು ವರದಿ ತೆಗೆದು ನೋಡಿದರೆ, 'ಸ್ವಭಾವ ಸರಿಯಿಲ್ಲ', 'ತಿಳಿವಳಿಕೆ ಕಡಿಮೆ' ಎಂಬಂಥ ಮಾತುಗಳೇ ತುಂಬಿದ್ದವು. ಇದರಿಂದ ಯಾರಿಗೆ ಏನು ಗೊತ್ತಾಗುತ್ತದೆ? ಆ ಕೆಲಸದಲ್ಲಿದ್ದ ಮನಶ್ಶಾಸ್ತ್ರಜ್ಞ ಜಾನ್ ಫ್ಲ್ಯಾನಗನ್ ದಾರಿ ಬದಲಿಸಿದರು. ಅಭಿಪ್ರಾಯ ಬೇಡ, ನಡೆದ ಘಟನೆ ಹೇಳಿ ಎಂದರು. ಎಲ್ಲಿ, ಯಾವಾಗ, ಯಾರು ಏನು ಮಾಡಿದರು, ಆಮೇಲೆ ಏನಾಯಿತು. 1954 ರಲ್ಲಿ ಈ ವಿಧಾನವನ್ನು ಬರೆದು ಪ್ರಕಟಿಸಿದರು. 'ಕ್ರಿಟಿಕಲ್ ಇನ್ಸಿಡೆಂಟ್', ಅಂದರೆ ನಿರ್ಣಾಯಕ ಘಟನೆಯ ವಿಧಾನ ಎಂದು ಅದಕ್ಕೆ ಹೆಸರು.

ನಮ್ಮ ಅಂಗಡಿಗಳಲ್ಲೂ ಇದೇ ಕಥೆ, ಅಲ್ವಾ? ವ್ಯಾಪಾರ ಯಾಕೆ ಕುಸಿಯಿತು ಅಂತ ಕೇಳಿ. 'ಟೈಮ್ ಸರಿ ಇರಲಿಲ್ಲ' ಅನ್ನುತ್ತಾರೆ. 'ಮಂದಿ ಸರಿ ಇಲ್ಲ' ಅನ್ನುತ್ತಾರೆ. ಯಾವ ತಗ್ಗು, ಯಾವ ಡಬ್ಬಿ, ಎಷ್ಟು ರೊಟ್ಟಿ? ಅದನ್ನು ಯಾರೂ ಹೇಳುವುದಿಲ್ಲ.

[ದೊಡ್ಡವ್ವನ ಅಡುಗೆಮನೆ. ಕೊಣಮಿಗೆಯಲ್ಲಿ ಹಿಟ್ಟು. ಕೈಯಲ್ಲಿ ರೊಟ್ಟಿ ಬಡಿಯುವ ಸದ್ದು.]

ಅವತ್ತು ಸಂಜೆ ಮನೆಗೆ ಬಂದು ಚೂರುಗಳ ಡಬ್ಬಿ ಕಟ್ಟೆಯ ಮೇಲಿಟ್ಟೆ. ಅರ್ಧ ರೊಕ್ಕ ಮಾತ್ರ ಸಿಕ್ಕಿತ್ತು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಪ್ಯಾಕಿಂಗ್ ಒಂದೇ. ರೊಟ್ಟಿಗಳ ನಡುವೆ ಪೇಪರ್ ಹಾಕಬೇಕು. ಗಟ್ಟಿ ಡಬ್ಬಿ ತರಬೇಕು. ಬೈಕ್ ಬಿಟ್ಟು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹೋಗಬೇಕು. ಎಲ್ಲವೂ ಸರಿಯಾದ ಉಪಾಯಗಳೇ.

ದೊಡ್ಡವ್ವ ಚೂರು ಕೈಯಲ್ಲಿ ಹಿಡಿದು ತಿರುವಿ ನೋಡುತ್ತ ಕೂತಿದ್ದಳು. ಆಮೇಲೆ ಕೇಳಿದಳು: "ಅಲ್ಲೋ ತಮ್ಮಾ, ಇಷ್ಟ ದೊಡ್ಡದ ಯಾಕ ಬಡೀತೀವಿ ನಾವು?"

ನನಗೆ ಉತ್ತರ ಇರಲಿಲ್ಲ. ಮನೆಯಲ್ಲಿ ತಾಟಿನಗಲ ಬಡಿಯುತ್ತಾರೆ, ಅದಕ್ಕೆ. ಅವಳ ಅವ್ವ ಹಾಗೆ ಬಡಿಯುತ್ತಿದ್ದಳು, ಅದಕ್ಕೆ. ಮನೆಯಲ್ಲಿ ಒಲೆಯಿಂದ ತಾಟಿಗೆ ಎರಡು ಮಾರು ದೂರ. ಧಾರವಾಡದಿಂದ ಉಣಕಲ್‌ಗೆ ಹಾಗಲ್ಲವಲ್ಲ. ಗೋಧಿಯಲ್ಲಿರುವ ಜಿಗುಟು ಜೋಳದಲ್ಲಿಲ್ಲ. ಕುದಿಯುವ ನೀರು ಹಾಕಿ ನಾದಿ ಹೇಗೋ ಹದಕ್ಕೆ ತರುತ್ತೇವೆ. ಅಂಥ ಹಿಟ್ಟನ್ನು ತೆಳ್ಳಗೆ, ಅಗಲಕ್ಕೆ ಬಡಿದು ಒಣಗಿಸಿ ಬೈಕಿಗೆ ಕಟ್ಟಿದರೆ ಅದು ಮುರಿಯದೆ ಇನ್ನೇನು ಮಾಡೀತು?

ಮರುದಿನ ಅಂಗೈಯಗಲದ ರೊಟ್ಟಿ ಬಡಿದಳು. ಡಬ್ಬಿಯಲ್ಲಿ ನಾಲ್ಕು ಸಾಲಾಗಿ, ಒತ್ತಾಗಿ ಕೂತವು. ಡಬ್ಬಿ ಅಲುಗಾಡಿಸಿ ನೋಡಿದೆವು. ಮುರಿದದ್ದು ಮೂರು.

[ಸ್ಕ್ರೀನ್ ಮೇಲೆ: 'ಹೇಗೆ ಸರಿ ಮಾಡಲಿ?' ಅದರ ಕೆಳಗೆ: 'ಯಾಕೆ ಹೀಗೇ ಮಾಡುತ್ತಿದ್ದೇನೆ?']

ನನ್ನದು ಮೊದಲ ಪ್ರಶ್ನೆ, ಅವಳದು ಎರಡನೆಯದು. ಕ್ರಿಸ್ ಆರ್ಗಿರಿಸ್ ಎಂಬ ಅಮೆರಿಕದ ಪಂಡಿತರು ಇದಕ್ಕೆ ಥರ್ಮೋಸ್ಟಾಟಿನ ಉದಾಹರಣೆ ಕೊಡುತ್ತಿದ್ದರು. ಕೋಣೆಯ ಶಾಖವನ್ನು 20 ಡಿಗ್ರಿಗೆ ಇಡು ಅಂತ ಸೆಟ್ ಮಾಡಿದರೆ ಅದು ಪಾಪ ಹಗಲೂ ರಾತ್ರಿ ಅದನ್ನೇ ಕಾಯುತ್ತದೆ. 20 ಯಾಕೆ, 24 ಯಾಕಲ್ಲ ಅಂತ ಕೇಳುವುದಿಲ್ಲ. ಅದು ಒಂದು ಸುತ್ತಿನ ಕಲಿಕೆ. ಸೆಟ್ಟಿಂಗನ್ನೇ ಪ್ರಶ್ನಿಸಿದರೆ ಎರಡು ಸುತ್ತಿನ ಕಲಿಕೆ.

ನಮ್ಮ ಪಕ್ಕದ ಬ್ಯಾಡಗಿಯನ್ನೇ ತಗೊಳ್ಳಿ. ಮೆಣಸಿನಕಾಯಿ ಅಂದರೆ ಖಾರ ಅಂತ ಯಾರಾದರೂ ಹೇಳುತ್ತಾರೆ. ಬ್ಯಾಡಗಿ ಮೆಣಸಿನಕಾಯಿಯ ಖಾರ ಕಡಿಮೆ, ಸಿಪ್ಪೆ ಸುಕ್ಕು. ಖಾರದ ತಕ್ಕಡಿಯಲ್ಲಿ ತೂಗಿದರೆ ಸೋಲುತ್ತದೆ. ಅದು ಗೆಲ್ಲುವುದು ಬಣ್ಣದಲ್ಲಿ. ಅದರಿಂದ ತೆಗೆದ ಓಲಿಯೋರೆಸಿನ್ ಎಂಬ ಕೆಂಪು ಸಾರ ಆಹಾರಕ್ಕೂ ಹೋಗುತ್ತದೆ, ಲಿಪ್‌ಸ್ಟಿಕ್, ನೇಲ್ ಪಾಲಿಶ್‌ಗೂ ಹೋಗುತ್ತದೆ. ನಾನು ಮಾರುತ್ತಿರುವುದು ಖಾರವೋ, ಬಣ್ಣವೋ? ಇದು ಎರಡನೇ ಜಾತಿಯ ಪ್ರಶ್ನೆ.

ಒಂದು ಪೆಟ್ಟು ಬಿದ್ದ ತಕ್ಷಣ ಬುದ್ಧಿ ಬೆಳಗುತ್ತದೆ ಅಂತ ಮೋಟಿವೇಶನ್ ಭಾಷಣದವರು ಹೇಳುತ್ತಾರಲ್ಲ, ಅದು ನನಗೆ ಒಪ್ಪಿಗೆ ಇಲ್ಲ. 2000 ದಲ್ಲಿ ಬ್ರಿಟನ್ನಿನ ಸಂಶೋಧಕರಾದ ಜೇಸನ್ ಕೋಪ್ ಮತ್ತು ಜೆರಾಲ್ಡ್ ವಾಟ್ಸ್ ಸಣ್ಣ ಉದ್ಯಮಿಗಳನ್ನು ಕೂರಿಸಿಕೊಂಡು ಅವರ ಕಷ್ಟದ ಗಳಿಗೆಗಳ ಬಗ್ಗೆ ವಿವರವಾಗಿ ಕೇಳಿದರು. ಅವರಿಗೆ ಕಂಡದ್ದು ಬೇರೆ. ಆ 'ಗಳಿಗೆ' ಎಷ್ಟೋ ಸಲ ಒಂದು ದಿನದ್ದಲ್ಲ. ಬಹಳ ದಿನ ಎಳೆಯುತ್ತದೆ, ಮನಸ್ಸನ್ನು ಹಿಂಡುತ್ತದೆ. ಇನ್ನು ಕೆಲವು ಸಲ ಹೊರಗೆ ಏನೂ ಆಗಿರುವುದಿಲ್ಲ. ಬದಲಾಗುವುದು ಉದ್ಯಮಿ ನೋಡುವ ರೀತಿ. ನಮ್ಮ ದೊಡ್ಡವ್ವನ ರೊಟ್ಟಿ ಅದಕ್ಕೂ ಮುಂಚೆ ಹತ್ತು ಸಲ ಮುರಿದಿತ್ತು. ಹನ್ನೊಂದನೇ ಸಲ ಅವಳು ಚೂರನ್ನು ತಿರುವಿ ನೋಡಿದಳು.

ಲೈನ್ ಬಜಾರಿನ ಪೇಡೆಯ ಕಥೆಯೂ ಹಾಗೇ. ಉತ್ತರ ಪ್ರದೇಶದ ಉನ್ನಾವ್ ಕಡೆ ಪ್ಲೇಗ್ ಬಂದು ಠಾಕೂರ್ ಮನೆತನ ಧಾರವಾಡಕ್ಕೆ ಬಂತು, ಪೇಡೆ ಹುಟ್ಟಿತು ಅಂತ ಒಂದೇ ಉಸಿರಿಗೆ ಹೇಳಿ ಮುಗಿಸುತ್ತೇವೆ. ಖೋವಾ ಕಂದು ಬಣ್ಣಕ್ಕೆ ತಿರುಗುವವರೆಗೆ ಕೈಯಾಡಿಸುತ್ತ ನಿಂತ ದಿನಗಳು ಎಲ್ಲಿ ಹೋದವು? 1976 ರಲ್ಲಿ ಗದಗದಲ್ಲಿ ವಿಜಯ ಸಂಕೇಶ್ವರರು ಒಂದು ಲಾರಿಯಿಂದ ಶುರು ಮಾಡಿದ್ದು ಎಲ್ಲರಿಗೂ ಗೊತ್ತು. ಅವರ ಮನೆತನದ್ದು ಪ್ರಿಂಟಿಂಗ್ ಪ್ರೆಸ್. ಇವತ್ತು ಅವರ ಸಾರಿಗೆ ಕಂಪನಿ ವಿಆರ್‌ಎಲ್ ಹತ್ತಿರ ಸಾವಿರಾರು ಗಾಡಿಗಳಿವೆ. ನನಗೆ ಕುತೂಹಲ ಇರುವುದು ಎರಡನೇ ಲಾರಿಯ ಬಗ್ಗೆ. ಮೊದಲನೆಯದಕ್ಕೆ ಧೈರ್ಯ ಸಾಕು. ಎರಡನೆಯದನ್ನು ಕೊಳ್ಳುವಾಗ ಮೊದಲನೆಯದರ ಟೈರು, ಡ್ರೈವರ್, ಖಾಲಿ ಬಂದ ಟ್ರಿಪ್ಪು ಎಲ್ಲ ಲೆಕ್ಕಕ್ಕೆ ಬಂದಿರುತ್ತವೆ.

[ಕ್ಯಾಮೆರಾ ಹತ್ತಿರ.]

ಇನ್ನೊಂದು ಮಾತು, ಸ್ವಲ್ಪ ಮೆಲ್ಲಗೆ. ಅಂಗಡಿಯೇ ಮುಚ್ಚಿದವರ ಮುಂದೆ ಹೋಗಿ ಅದೇ ದಿನ 'ಏನು ಕಲಿತಿ?' ಅಂತ ಕೇಳಬೇಡಿ. ಉದ್ಯಮಗಳ ಬಗ್ಗೆ ಸಂಶೋಧನೆ ಮಾಡುವ ಡೀನ್ ಶೆಪರ್ಡ್ ಎಂಬವರು 2003 ರಲ್ಲಿ ಈ ಬಗ್ಗೆ ಬರೆದರು. ವ್ಯಾಪಾರ ಮುಳುಗಿದಾಗ ಆಗುವುದು ಮನೆಯಲ್ಲಿ ಸಾವಾದಾಗ ಆಗುವಂಥ ದುಃಖ. ಆ ದುಃಖ ಕಲಿಯಲು ಬಿಡುವುದಿಲ್ಲ. ಸ್ವಲ್ಪ ಹೊತ್ತು ಆದದ್ದನ್ನು ನೆನೆಯುವುದು, ಸ್ವಲ್ಪ ಹೊತ್ತು ಬೇರೆ ಕೆಲಸಕ್ಕೆ ಕೈ ಹಾಕುವುದು, ಹೀಗೆ ಹಿಂದೆ ಮುಂದೆ ಆಡುತ್ತ ಇದ್ದರೆ ಬೇಗ ದಾರಿ ಸಿಗುತ್ತದೆ ಎನ್ನುವುದು ಅವರ ವಾದ. ನನಗೂ ಸರಿ ಅನ್ನಿಸುತ್ತದೆ.

ಈಗ ಆ ಚೂರುಗಳು. ನೂರಾ ಅರವತ್ತು ರೊಟ್ಟಿಯ ಚೂರು ಎಸೆಯುವುದು ಹೇಗೆ? ದೊಡ್ಡವ್ವ ಅವಕ್ಕೆ ಬೆಳ್ಳುಳ್ಳಿ ಖಾರ, ಶೇಂಗಾ, ಕರಿಬೇವು ಹಾಕಿ ಒಗ್ಗರಣೆ ಕೊಟ್ಟಳು. ಈಗ ಅದು ಪಾಕೀಟಿನಲ್ಲಿ ಹೋಗುತ್ತದೆ, ಚಹಾದ ಜೊತೆ ತಿನ್ನಲು. ನೋಡಿದವರು ಎಂಥ ಹೊಸ ಐಡಿಯಾ ಎನ್ನುತ್ತಾರೆ. ಹೊಸದೇನಲ್ಲ. ಬಿಸಿ ರೊಟ್ಟಿಗೆ ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿ ಕುಟ್ಟುವ ಮುಟಗಿ ಅವಳು ಚಿಕ್ಕಂದಿನಿಂದ ತಿಂದದ್ದೇ. ಸೃಜನಶೀಲತೆ ಅಂತ ದೊಡ್ಡ ಹೆಸರಿಟ್ಟು ನಾವು ಹೆದರುತ್ತೇವೆ. ಅವತ್ತು ಆದದ್ದು ಇಷ್ಟೇ: ಕೈಯಲ್ಲಿದ್ದ ಚೂರು, ನೆನಪಿನಲ್ಲಿದ್ದ ರುಚಿ, ಮತ್ತು ಎಸೆಯಲು ಮನಸ್ಸಿಲ್ಲ.

[ಕೆಂಪು ರಟ್ಟಿನ ಕಿರ್ದಿ ಪುಸ್ತಕ.]

ಒಂದು ರೂಢಿ ಮಾತ್ರ ನಾನು ಅವತ್ತಿನಿಂದ ಬಿಟ್ಟಿಲ್ಲ. ಕಿರ್ದಿಯಲ್ಲಿ ಜಮಾ, ಖರ್ಚು ಬರೆಯುತ್ತೇವಲ್ಲ, ಅದರ ಕೆಳಗೆ ಏನಾಯಿತು ಅನ್ನುವುದನ್ನೂ ಎರಡು ಸಾಲು ಬರೆಯುತ್ತೇನೆ. ಅದೂ ಅದೇ ರಾತ್ರಿ. ಯಾಕೆ ಗೊತ್ತಾ? ವಾರ ಕಳೆದರೆ ನೆನಪು ತನಗೆ ಬೇಕಾದ ಹಾಗೆ ಕಥೆ ಕಟ್ಟುತ್ತದೆ.

ಈ ವಿಡಿಯೋಗೆ ದೊಡ್ಡವ್ವನನ್ನೂ ಕೇಳಿದೆ. ಸಣ್ಣ ರೊಟ್ಟಿ ಹೆಂಗ ಹೊಳೀತು ಅಂತ.

[ದೊಡ್ಡವ್ವ, ಒಲೆಯ ಮುಂದೆ.]

"ಹೊಳಿಯೂದೇನ ಬಂತು? ಮೊದಲಿಂದನೂ ನಾ ಸಣ್ಣ ರೊಟ್ಟಿನ ಮಾಡೂಣಂತ ಹೇಳ್ತಿದ್ದೆ, ಇಂವಾ ಕೇಳಲಿಲ್ಲ. ಅವತ್ತ ಧೋ ಅಂತ ಮಳಿ. ಬೈಕ್ ತಗೊಂಡ ಹೋಗಿ ಬಿದ್ದ ಬಂದ."

[ಕಿರ್ದಿಯ ಪುಟ, ಕ್ಲೋಸಪ್. ಅರ್ಧ ರೊಕ್ಕದ ಜಮಾ. ಕೆಳಗೆ ನನ್ನ ಸೊಟ್ಟ ಅಕ್ಷರದಲ್ಲಿ: 'ನವಲೂರ ತಗ್ಗು. ರೊಟ್ಟಿ 160 ಮುರಿದವು. ಬಿಸಿಲು ಬಹಳ.']